ಫ್ಯಾನು ನೋಡುವವರು

ಎರಡು ತಿಂಗಳು ಒಂದೇ ಮೂಲೆಯಲ್ಲಿ ಪಿಟ್ಟೆನ್ನದೆ ಕೂತರೆ ಜನ ನಿಮ್ಮನ್ನು ಮರೆತೇಬಿಡುತ್ತಾರೆ. ಮಗಳಿಗೆ ಬೇಕಾಗಿದ್ದೂ ಅದೇ. ಅಪ್ಪನ ಕ್ಷೌರದಂಗಡಿಯಲ್ಲಿ, ಟವೆಲು ಒಣಹಾಕುವ ಹಗ್ಗದ ಕೆಳಗೆ, ಮೊಣಕಾಲ ಮೇಲೆ ಕ್ಯಾಮೆರಾ ಇಟ್ಟುಕೊಂಡು ಅವಳು ಕೂತಿರುತ್ತಿದ್ದಳು. ಮೊದಲ ವಾರ ಗಿರಾಕಿಗಳು ಹೊಟ್ಟೆ ಒಳಗೆಳೆದುಕೊಂಡು, ಮೀಸೆ ತೀಡಿಕೊಂಡು ಪೋಸು ಕೊಟ್ಟರು. ಎರಡನೇ ವಾರ ಅಂಚೆಯಣ್ಣ ಅವಳಿಗೆ ‘ಹಲ್ಲಿ’ ಅಂತ ಹೆಸರಿಟ್ಟ. ಆಮೇಲಾಮೇಲೆ ಹಲ್ಲಿಯೂ ಇಲ್ಲ, ಬರೀ ಗೋಡೆ.

“ಏನೇ ಹಲ್ಲಿ, ಇದ್ದೀಯೋ ಇಲ್ವೋ?” ಅಂತ ಅಪ್ಪ ಆಗಾಗ ಕೇಳುತ್ತಿದ್ದ.

“ಅಂಟ್ಕೊಂಡಿದ್ದೀನಿ ಅಪ್ಪಾ.”

ಆ ಅಂಗಡಿಯ ಮಧ್ಯಾಹ್ನಗಳೇ ಹಾಗೆ, ಅರ್ಧ ಎಚ್ಚರ ಅರ್ಧ ಕನಸು. ಎದುರುಬದುರು ಎರಡು ಕನ್ನಡಿ. ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಸಾಲು ಸಾಲು ಅಪ್ಪಂದಿರು ಹೋಗ್ತಾ ಹೋಗ್ತಾ ಚಿಕ್ಕವರಾಗಿ, ಹಸಿರು ನೀರಿನ ತಳಕ್ಕೆ ಇಳಿದಂತೆ ಮರೆಯಾಗುತ್ತಿದ್ದರು. ಬಾಗಿಲ ಬಿಸಿಲಲ್ಲಿ ಕತ್ತರಿಸಿದ ಕೂದಲ ಎಳೆಗಳು ನೆಲಕ್ಕಿಳಿಯಲು ಮನಸ್ಸಿಲ್ಲದೆ ತೇಲುತ್ತಿದ್ದವು. ರೇಡಿಯೊ ತನ್ನ ಪಾಡಿಗೆ ತಾನು ಗುನುಗುತ್ತಿತ್ತು. ನೊರೆ ಮೆತ್ತಿಸಿಕೊಂಡು ಕಣ್ಣು ಮುಚ್ಚಿದವರೆಲ್ಲ ತೊಟ್ಟಿಲ ಕೂಸುಗಳಾಗುತ್ತಿದ್ದರು. ತಾನು ನಿಜವಾಗಿ ಅಲ್ಲಿದ್ದೇನೆಯೇ ಅಂತ ಮಗಳಿಗೇ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಕನ್ನಡಿಯಲ್ಲಿ ಹುಡುಕಿದರೆ ಟವೆಲುಗಳಷ್ಟೇ ಕಾಣುತ್ತಿದ್ದವು.

ಅಪ್ಪ ಹಾಕಿದ್ದು ಒಂದೇ ಷರತ್ತು. “ಏನು ಬೇಕಾದ್ರೂ ತೆಗಿ ಮಗಳೇ, ನನ್ನ ಬಲಗೈ ಮಾತ್ರ ಬೇಡ.”

ಆ ಕೈ ಹೋದ ವರ್ಷದಿಂದ ನಡುಗುತ್ತಿತ್ತು. ಮನೆಯಲ್ಲಿ ಲೋಟ ಹಿಡಿದರೆ ನೀರಿನ ಮೇಲೆ ಸಣ್ಣ ಅಲೆ. ಅಂಗಡಿಯಲ್ಲಿ ಮಾತ್ರ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಮಣಿಕಟ್ಟನ್ನು ಗಿರಾಕಿಯ ಭುಜಕ್ಕೆ ಊರಿ, ಬೆವರು ಒರೆಸಿಕೊಳ್ಳುತ್ತಾ, ಒಂದಕ್ಕೆ ಎರಡು ಮಾತಾಡಿ ಹೇಗೋ ಸಂಭಾಳಿಸುತ್ತಿದ್ದ. “ಕುತ್ತಿಗೆ ಒಡ್ಡಿ ಕೂರ್ತಾರೆ ಕಣೇ ನನ್ನ ಮುಂದೆ. ಒಬ್ಬನಿಗೆ ಗೊತ್ತಾದ್ರೂ ಸಾಕು, ಅವತ್ತೇ ಬಾಗಿಲು ಹಾಕ್ಬಿಡ್ತೀನಿ” ಅನ್ನುತ್ತಿದ್ದ. ಬಾಗಿಲು ಹಾಕಿದರೆ ಈ ಮಾತಿನಮಲ್ಲ ಬದುಕುವುದು ಹೇಗೆ? ಅಮ್ಮ ಹೋದ ಮೇಲೆ ಮನೆಯಲ್ಲಿ ಈ ಹಲ್ಲಿ ಬಿಟ್ಟರೆ ಹೂಂಗುಟ್ಟುವವರೂ ಇರಲಿಲ್ಲ.

ಗ್ರಂಥಾಲಯದ ಹಜಾರದಲ್ಲಿ ಅವಳ ಚಿತ್ರಗಳ ಪ್ರದರ್ಶನಕ್ಕೆ ನಾಲ್ಕು ದಿನ ಉಳಿದಿತ್ತು. ಬೆಳಗ್ಗೆ ಮಗಳು ಪ್ರಿಂಟುಗಳನ್ನು ಊಟದ ಮೇಜಿನ ಮೇಲೆ ಹರಡಿದಳು. ಎಷ್ಟು ತಪ್ಪಿಸಿದರೂ ಕೆಲವುಗಳಲ್ಲಿ ಆ ಕೈ ನುಸುಳಿತ್ತು. ಅವನ್ನು ಪಕ್ಕಕ್ಕೆ ಎತ್ತಿಡುವಾಗ ಕೈಯ ಸುತ್ತ ಇದ್ದದ್ದು ಕಣ್ಣಿಗೆ ಬಿತ್ತು.

ಕತ್ತಿ ಇನ್ನೂ ಗೇಣು ದೂರ ಇರುವಾಗಲೇ ಮೇಷ್ಟ್ರು ಗದ್ದ ಎತ್ತಿ, ಕೆನ್ನೆಯನ್ನು ತಾವೇ ಬಿಗಿಹಿಡಿದಿದ್ದಾರೆ. ಅಂಚೆಯಣ್ಣ ತನ್ನ ಕಿವಿಯನ್ನು ತಾನೇ ಮಡಚಿ ದಾರಿ ಬಿಟ್ಟಿದ್ದಾನೆ. ನಿದ್ದೆಯಲ್ಲೂ ಬಾಯಿ ಮುಚ್ಚದ ಹಣ್ಣಿನಂಗಡಿ ಮಹಾರಾಯ ತುಟಿ ಒತ್ತಿ ಉಸಿರು ಕಟ್ಟಿದ್ದಾನೆ. ಇನ್ನೊಂದರಲ್ಲಿ ಅಪ್ಪನ ಕೈ ಗಾಳಿಯಲ್ಲಿ ಮಸುಕಾಗಿ ನಿಂತಿದೆ; ಹಿಂದಿನ ಬೆಂಚಿನಲ್ಲಿ ಸರದಿ ಕಾಯುವ ನಾಲ್ವರೂ ಒಟ್ಟಿಗೆ ತಲೆ ಎತ್ತಿ ಫ್ಯಾನು ನೋಡುತ್ತಿದ್ದಾರೆ. ಫ್ಯಾನು ತಿರುಗುತ್ತಲೂ ಇಲ್ಲ.

ಎಲ್ಲರಿಗೂ ಗೊತ್ತು. ಅವರಿಗೆ ಗೊತ್ತು ಅನ್ನುವುದು ಗೊತ್ತಿಲ್ಲದವನು ಅಪ್ಪ ಒಬ್ಬನೇ.

ತೋರಿಸಿದರೆ ಅಂಗಡಿಗೆ ಬೀಗ. ಮುಚ್ಚಿಟ್ಟರೆ ಅಪ್ಪ ದಿನಾ ಒಬ್ಬನೇ ಹೆದರುತ್ತಾ ಇರಬೇಕು. ಮಗಳು ಎತ್ತಿಕೊಂಡಳು, ಇಟ್ಟಳು, ಮತ್ತೆ ಎತ್ತಿಕೊಂಡಳು. ಕೊನೆಗೆ ಫ್ಯಾನಿನ ಚಿತ್ರವನ್ನು ಎಲ್ಲಕ್ಕಿಂತ ಮೇಲಿಟ್ಟು, ತನಗೆ ಬರುವ ಒಂದೇ ವಿದ್ಯೆಯಂತೆ ಸುಮ್ಮನೆ ಕೂತಳು.

ಊಟಕ್ಕೆ ಬಂದ ಅಪ್ಪ ನಿಂತಲ್ಲೇ ನಿಂತ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

“ಆವತ್ತು ಫ್ಯಾನು ಕೆಟ್ಟಿತ್ತಲ್ವಾ?”

“ಹೂಂ ಅಪ್ಪಾ.”

“ಕಳ್ ನನ್ಮಕ್ಳು!”

ಊಟ ಮುಟ್ಟಲಿಲ್ಲ. ಮೊಳೆಯಲ್ಲಿ ನೇತುಹಾಕಿದ್ದ ಬೀಗದ ಕೈ ತೆಗೆದುಕೊಂಡು ಸರಸರ ನಡೆದುಬಿಟ್ಟ. ಮಗಳು ಬೆನ್ನಹಿಂದೆ ಓಡಿದಳು.

ತೆರೆದೇ ಬಿಟ್ಟು ಬಂದಿದ್ದ ಅಂಗಡಿಯಲ್ಲಿ ಮೇಷ್ಟ್ರು ಆಗಲೇ ಕುರ್ಚಿ ಏರಿ, ನೊರೆಯನ್ನೂ ತಾವೇ ಹಚ್ಚಿಕೊಂಡು ಕೂತಿದ್ದರು. ಬೆಂಚು ತುಂಬಿತ್ತು. ಅಪ್ಪ ಕತ್ತಿ ತೆಗೆದುಕೊಂಡು, ಎಲ್ಲರಿಗೂ ಕಾಣುವ ಹಾಗೆ ಕೈ ಮುಂದೆ ಚಾಚಿದ. ಎದುರುಬದುರು ಕನ್ನಡಿಗಳಲ್ಲಿ ನೂರಾರು ಕೈಗಳು, ಗಾಳಿಗೆ ಎಲೆ ಅಲುಗುವ ಹಾಗೆ, ಮೆತ್ತಗೆ ನಡುಗಿದವು.

“ಮೇಷ್ಟ್ರೇ, ನನ್ನ ಕೈ ನಡುಗುತ್ತೆ.”

ಬೆಂಚಿನವರೆಲ್ಲ ತಲೆ ಎತ್ತಿ ಫ್ಯಾನು ನೋಡಿದರು.

“ನಿನ್ನ ಕೈಯಾ?” ಅಂದರು ಮೇಷ್ಟ್ರು, ಕಣ್ಣು ತೆರೆಯದೆ. “ಇಷ್ಟು ದಿನ ನನ್ನ ಗದ್ದಾನೇ ನಡುಗ್ತಿದೆ ಅಂದ್ಕೊಂಡಿದ್ದೆ.”

“ನಾಟಕ ಸಾಕು ಮೇಷ್ಟ್ರೇ. ಇನ್ಮೇಲೆ ನಾನು ಕತ್ತಿ ಹಿಡಿಯಲ್ಲ.”

“ಕತ್ತರಿ ಹಿಡೀತೀಯಾ?”

ಅಪ್ಪ ಯೋಚಿಸಿದ. ಬೆಂಚಿನವರು ಅವನ ಬಾಯನ್ನೇ ನೋಡುತ್ತಿದ್ದರು. “ಕತ್ತರಿ... ಕತ್ತರಿ ಹಿಡಿಬಹುದು. ನಿಧಾನ ಆಗುತ್ತೆ.”

“ನಮಗೇನು ರೈಲು ತಪ್ಪಿಹೋಗುತ್ತಾ? ಒರೆಸು ಇದನ್ನ. ನಾನು ಗಡ್ಡ ಬಿಡ್ತೀನಿ, ನೀನು ಕತ್ತರೀಲಿ ಒಪ್ಪ ಮಾಡು.”

“ಗಡ್ಡ ಬಿಟ್ರೆ ಅಕ್ಕ ನಿಮ್ಮನ್ನ ಮನೆಯೊಳಗೆ ಸೇರಿಸ್ತಾರಾ?” ಅಂತ ಹಣ್ಣಿನವನು ಕೆಣಕಿದ.

“ಸೇರಿಸದಿದ್ರೆ ನಿನ್ನ ಅಂಗಡೀಲೇ ಮಲಗ್ತೀನಿ ಬಿಡಯ್ಯ. ನೀನೂ ಬಿಡು ಗಡ್ಡ, ಆ ಮುಖ ಸ್ವಲ್ಪ ಮುಚ್ಚಿದ್ರೆ ಊರಿಗೇ ಉಪಕಾರ.”

ಅಪ್ಪ ನಗುತ್ತಾ ಟವೆಲು ಎಳೆದುಕೊಂಡು ಮೇಷ್ಟ್ರ ಕೆನ್ನೆಯ ನೊರೆ ಒರೆಸಿದ, ಎಳೆ ಕೂಸಿನ ಮುಖ ಒರೆಸುವ ಹಾಗೆ.

ನಾಲ್ಕನೇ ದಿನ ಗ್ರಂಥಾಲಯದ ಹಜಾರಕ್ಕೆ ಅಂಗಡಿಯ ಹನ್ನೊಂದು ಮಂದಿ ಗಿರಾಕಿಗಳು ಬಂದರು. ಹನ್ನೊಂದು ಮುಖದಲ್ಲೂ ಕುರುಚಲು ಗಡ್ಡ, ಅದನ್ನು ಕೆರೆದುಕೊಳ್ಳುತ್ತಿದ್ದ ಹನ್ನೊಂದು ಕೈ. ಅವರ ನಡುವೆ ಅಪ್ಪ, ಯಾವ ಗಡ್ಡ ಎಷ್ಟು ಬೆಳೆದಿದೆ ಅಂತ ಬೆರಳು ಆಡಿಸಿ ನೋಡುತ್ತಾ, ಒಬ್ಬೊಬ್ಬರಿಗೂ ಕತ್ತರಿ ಹಾಕಿಸಿಕೊಳ್ಳಲು ಬರುವ ವಾರ ಗೊತ್ತುಮಾಡುತ್ತಿದ್ದ.