ಶೆಟ್ಟೆವ್ವ ನಾಲ್ಕು ವರ್ಷ, ಕಾಜಲ್ ಐದು ವರ್ಷ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮೂರು ಸಲ ಶುರು ಮಾಡಿ ಮೂರು ಸಲವೂ ಅಳಿಸಿದ್ದಾಗಿದೆ. ಮೊದಲನೆಯದು ಹೀಗಿತ್ತು: "ಹಿಡಕಲ್ ಹಿನ್ನೀರಿನಲ್ಲಿ ಸೂರ್ಯ ಮುಳುಗುತ್ತಿದ್ದ." ಮುಳುಗಲಿ ಬಿಡಿ, ದಿನಾ ಮುಳುಗುತ್ತಾನೆ. ಎರಡನೆಯದು: "ಅಭ್ಯರ್ಥಿಯು ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರತಕ್ಕದ್ದು." ಇದು ನಿಯಮ. ಇಂಥದ್ದು ಕಂಡರೆ ಓದುಗರು ಮುಂದಿನ ಪುಟಕ್ಕೆ ಹಾರುತ್ತಾರೆ. (ನಾನೂ ಹಾರಿದ್ದೆ. ಎಡವಟ್ಟಾಗಿದ್ದೇ ಅಲ್ಲಿ.) ಮೂರನೆಯದು ಒಂದೇ ಸಾಲು: "ಇದರಲ್ಲಿ ನನ್ನ ತಪ್ಪಿಲ್ಲ." ಇದನ್ನು ಅಳಿಸಿದ್ದು ನಾನಲ್ಲ, ಕಾಜಲ್.

೨

ನಾನು ಪ್ರಭು. ಗೋಕಾಕ ಬಸ್ ಸ್ಟ್ಯಾಂಡಿನ ಹಿಂದೆ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದೇನೆ. ಝೆರಾಕ್ಸ್, ಆಧಾರ್ ಪ್ರಿಂಟ್, ಪಹಣಿ, ಸಿಇಟಿ ಫಾರ್ಮ್, ಎಲ್ಲವೂ ಆಗುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಕಥೆ ಬರೆಯುತ್ತೇನೆ. ಅರ್ಜಿಯಲ್ಲಿ ಖಾಲಿ ಜಾಗ ಬಿಟ್ಟರೆ ಕೆಂಪು ಅಕ್ಷರದಲ್ಲಿ ಬೈಯುತ್ತದೆ, ಕಥೆಯಲ್ಲಿ ಬಿಟ್ಟರೆ ವಿಮರ್ಶಕರು ಹೊಗಳುತ್ತಾರೆ. ಅಷ್ಟೇ ವ್ಯತ್ಯಾಸ.

ಕಾಜಲ್ ತುಕ್ಕಾನಟ್ಟಿಯ ಕುರಿಗಾರರ ಮಗಳು. ಅಪ್ಪ ಭೀಮಶಿ, ಅವ್ವ ಸುವರ್ಣಾ. ಗೋಕಾಕದಲ್ಲೇ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ, ಸಿಇಟಿಯಲ್ಲಿ ರ‍್ಯಾಂಕ್ ಬಂದಿದೆ. ಅವಳಿಗೆ ಬೇಕಾದದ್ದು ಒಂದೇ: ಪಶುವೈದ್ಯಕೀಯದ ಸರ್ಕಾರಿ ಸೀಟು. ಒಂದು ಮಳೆಗಾಲ ನೀಲಿ ನಾಲಿಗೆ ರೋಗ ಬಂದು ಇಪ್ಪತ್ತಾರು ಕುರಿ ಕಣ್ಣೆದುರೇ ಬಿದ್ದಾಗ, ಡಾಕ್ಟರನ್ನು ಕರೆಯಲು ಹೋಗಿ ಬರಿಗೈಲಿ ಬಂದವಳು ಅವಳೇ. ಅಂದಿನಿಂದ ಬೇರೆ ಮಾತೇ ಇಲ್ಲ.

"ರ‍್ಯಾಂಕ್ ಛಲೋ ಐತೆಲ್ಲವಾ, ಸೀಟು ಗ್ಯಾರಂಟಿ" ಎಂದು ನಾನೇ ಹೇಳಿದ್ದೆ. ಪೇಢೆಯನ್ನೂ ತಿಂದಿದ್ದೆ.

೩

ಬೆಳಗಾವಿಯ ದಾಖಲೆ ಪರಿಶೀಲನೆಯ ಹಾಲ್. ಸೋಮವಾರ. ಸುವರ್ಣಾ ಕುರಿಯ ಜೊತೆ ಹಿಡಕಲ್ ದಂಡೆಯಲ್ಲೇ ಉಳಿದಿದ್ದಳು. ಫಾರ್ಮ್ ತುಂಬಿದವನು ನಾನೇ ಎಂದು ಭೀಮಶಿ ನನ್ನನ್ನೂ ಎಳೆದುಕೊಂಡು ಹೋಗಿದ್ದ. ಮೇಡಂ ಒಬ್ಬರು ಕಾಗದಗಳನ್ನು ಒಂದೊಂದಾಗಿ ತಿರುವಿದರು. ಬಹಳ ಸಂಭಾವಿತರು, ಒಂದು ಗಡಸು ಮಾತಿಲ್ಲ.

"ಐದರಿಂದ ಏಳು, ಮಹಾರಾಷ್ಟ್ರದಾಗ ಓದ್ಯಾಳ. ಎಂಟರಿಂದ ಹತ್ತು ಮೂಡಲಗಿ, ಪಿಯುಸಿ ಗೋಕಾಕ. ಅಂದ್ರ ಕರ್ನಾಟಕದಾಗ ಐದು ವರ್ಷ ಆತು. ಏಳು ಬೇಕ್ರಿ. ಸರ್ಕಾರಿ ಸೀಟಿಗೆ ಈಕಿ ಬರೂದಿಲ್ಲ."

 ಭೀಮಶಿಗೆ ಅರ್ಥವೇ ಆಗಲಿಲ್ಲ.

"ಬರೂದಿಲ್ಲ ಅಂದ್ರ?"

"ಹೊರಗಿನವರ ಲೆಕ್ಕಕ್ಕ ಬರ್ತಾಳ." ಅವರು ಶುಲ್ಕದ ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು. ಬಲಗಡೆಯ ಕೊನೆಯ ಕಾಲಂ. ಮೇಲೆ ಬರೆದಿತ್ತು: ಹೊರರಾಜ್ಯ, ಅನಿವಾಸಿ, ವಿದೇಶಿ. ಕೆಳಗಿನ ಅಂಕಿಯನ್ನು ನಾನು ಸೊನ್ನೆಗಳ ಮೇಲೆ ಬೆರಳಿಟ್ಟು ಎರಡು ಸಲ ಓದಿದೆ. ಭೀಮಶಿಯ ಇಡೀ ಹಿಂಡು ಮಾರಿದರೂ ಒಂದು ವರ್ಷದ್ದು ಹುಟ್ಟುವುದಿಲ್ಲ.

"ವಿದೇಶಿ ಅಂದ್ರ ಯಾರ್ರಿ?" ಎಂದ ಭೀಮಶಿ. ಖರೇನೇ ಕೇಳಿದ, ಕುಹಕವಿರಲಿಲ್ಲ.

"ದುಬೈ, ಅಮೆರಿಕಾ, ಅಲ್ಲಿಂದ ಬರೋರು."

"ನಾವು ಗಡಿ ಮ್ಯಾಲಿನ ದಡ್ಡಿ ಊರು ದಾಟಿ ಆ ಕಡೆ ಕುರಿ ಮೇಸಾಕ ಹೋಗಿದ್ವಿರಿ. ಅಷ್ಟಕ್ಕ ದುಬೈದವ್ರು ಆದ್ವಿ? ಓಟ ಹಾಕಾಕ ಕರ್ನಾಟಕದವ್ರು, ಮಗಳು ಕಲಿಯಾಕ ಬಂದ್ರ ಪರದೇಶಿ?"

ಮೇಡಂ ಕಾಗದಗಳನ್ನು ಮತ್ತೆ ಮೊದಲಿನಿಂದ ತಿರುವಿದರು. ಹಿಂದಿನ ಟೋಕನ್‌ನವರು ನಮ್ಮ ಭುಜದ ಮೇಲಿಂದ ಇಣುಕುತ್ತಿದ್ದರು.

(ಓದುಗರೇ, "ಹಾಗಾದರೆ ಮಹಾರಾಷ್ಟ್ರದಿಂದ ಅರ್ಜಿ ಹಾಕಬಹುದಲ್ಲ" ಎನ್ನುತ್ತಿದ್ದೀರಿ. ಗೊತ್ತು, ನಾನೂ ಅಂದೆ. ಅಲ್ಲಿ ಹತ್ತು, ಹನ್ನೆರಡು ಅಲ್ಲೇ ಪಾಸಾಗಿರಬೇಕು, ವಾಸದ ದಾಖಲೆಯೂ ಬೇಕು. ಎರಡೂ ಸರ್ಕಾರಕ್ಕೆ ಈ ಹುಡುಗಿ ಬಾಜೂ ಮನೆಯ ಕೂಸು.)

೪

ಇಲ್ಲಿ ಕಥೆ ನಿಲ್ಲಬಹುದಿತ್ತು. ಅನ್ಯಾಯ, ಬಡತನ, ಒಂದು ನಿಟ್ಟುಸಿರು, ಮುಗೀತು. ಆದರೆ ಒಂದರಿಂದ ನಾಲ್ಕನೇ ತರಗತಿ ಎಲ್ಲಿ ಹೋಯಿತು? ನೀವು ಕೇಳಲಿಲ್ಲ. ಅರ್ಜಿ ತುಂಬುವಾಗ ನಾನೂ ಕೇಳಿರಲಿಲ್ಲ. ಕಾಗದ ಐದನೇ ತರಗತಿಯಿಂದ ಶುರುವಾಗಿತ್ತು, ಹಿಂದಿನದಕ್ಕೆ ಗೆರೆ ಎಳೆದು "ನೆಕ್ಸ್ಟ್" ಒತ್ತಿದ್ದೆ. ಮೇಡಂ ಕೇಳಿದರು.

"ಒಂದರಿಂದ ನಾಲ್ಕು ಎಲ್ಲಿ ಕಲ್ತಿ?"

"ತುಕ್ಕಾನಟ್ಟಿ ಸರ್ಕಾರಿ ಸಾಲ್ಯಾಗ್ರಿ" ಎಂದಳು ಕಾಜಲ್.

"ಅಯ್ಯ! ನಾಲ್ಕೂ ಐದೂ ಕೂಡಿದ್ರ ಒಂಬತ್ತು! ಮತ್ತ ಸರ್ಟಿಫಿಕೇಟ್ ಯಾಕ ತಂದಿಲ್ಲ?"

"ಅಲ್ಲಿ ನಾ ಕಾಜಲ್ ಅಲ್ರಿ."

ನಾನು ಅವಳ ಮುಖ ನೋಡಿದೆ. ನನ್ನ ಅಂಗಡಿಗೆ ಎರಡು ವರ್ಷದಿಂದ ಬರುತ್ತಿರುವ ಹುಡುಗಿ, ನನ್ನನ್ನು ಕಾಕಾ ಎನ್ನುವವಳು. ಅವಳಿಗೆ ಇನ್ನೊಂದು ಹೆಸರಿದೆ ಎಂಬುದು ನನಗೆ ಆ ಟೇಬಲ್ಲಿನ ಮುಂದೆ ಗೊತ್ತಾಯಿತು. ಕಥೆಗಾರನಂತೆ ನಾನು! ಥೂ.

೫

ವಿಷಯ ಇಷ್ಟು. ಕಾಜಲ್ ಹುಟ್ಟುವ ವರ್ಷವೇ ಭೀಮಶಿಯ ಅವ್ವ ತೀರಿಕೊಂಡಿದ್ದಳು. ಆಕೆಯ ಹೆಸರು ಶೆಟ್ಟೆವ್ವ. ತೀರಿದವಳೇ ಮರಳಿ ಬಂದಳೆಂದು ಮಗುವಿಗೂ ಅದೇ ಹೆಸರಿಟ್ಟರು. ಅಜ್ಜ ಮಾಲಿಂಗಪ್ಪ ತಾನೇ ಕೈಹಿಡಿದು ಊರ ಶಾಲೆಗೆ ಹಚ್ಚಿ, ಅದೇ ಹೆಸರು ಬರೆಸಿ ಬಂದ. ಆದರೆ ಸೊಸೆಯಾದವಳು ಅತ್ತೆಯ ಹೆಸರು ಬಾಯಲ್ಲಿ ಹೇಗೆ ತಂದಾಳು? ಆ ಮನೆಯಲ್ಲಿ ಅದು ನಡೆದಿಲ್ಲ. ಅತ್ತೆಯ ಹೆಸರು ಹಿಡಿದು ಬಾ ಅನ್ನುವುದು, ಹೋಗು ಅನ್ನುವುದು, ಹಟ ಮಾಡಿದಾಗ ಬೆನ್ನಿಗೆರಡು ಬಿಗಿಯುವುದು! ಸುವರ್ಣಾ ಮಗಳನ್ನು ತೊಟ್ಟಿಲಿನಿಂದಲೇ ಕಾಜಲ್ ಎಂದು ಕರೆದಳು.

ಆಮೇಲೆ ಕುರಿ ಗಡಿಯಾಚೆ ಹೋದವು. ಮೂರು ವರ್ಷ ಅಲ್ಲೇ ಒಬ್ಬ ರೈತನ ಹೊಲಗಳಲ್ಲಿ ಹಿಂಡು ನಿಂತಿತು. ಹುಡುಗಿ ಸುಮ್ಮನೆ ಕೂತಿದ್ದಾಳೆಂದು ಅಲ್ಲಿಯ ಮರಾಠಿ ಶಾಲೆಯ ಮಾಸ್ತರರೇ ಬಂದು ಕರೆದರು. ಭೀಮಶಿ ಕುರಿ ಹಿಂದೆ ಹೋಗಿದ್ದ. ಹಳೇ ಶಾಲೆಯ ಕಾಗದ ಇಲ್ಲದ್ದರಿಂದ ಮಾಸ್ತರರು ಹೆಸರು ಕೇಳಿದ್ದು ಅವ್ವನನ್ನು. ಅವ್ವ ತನಗೆ ಹೇಳಲು ಬರುವ ಹೆಸರನ್ನು ಹೇಳಿ ಹೆಬ್ಬೆಟ್ಟು ಒತ್ತಿದಳು. ಆ ಶಾಲೆಯ ದಾಖಲೆಯ ಮೇಲೆ ಮೂಡಲಗಿ, ಮೂಡಲಗಿಯ ಮೇಲೆ ಆಧಾರ್, ಆಧಾರ್ ಮೇಲೆ ಗೋಕಾಕ.

ಹೀಗೆ ಕರ್ನಾಟಕದಲ್ಲಿ ಶೆಟ್ಟೆವ್ವ ನಾಲ್ಕು ವರ್ಷ ಓದಿದಳು, ಕಾಜಲ್ ಐದು ವರ್ಷ. ಏಳು ವರ್ಷ ಯಾರೂ ಓದಲಿಲ್ಲ.

೬

ಮೇಡಂ ಒಂದು ದಾರಿ ತೋರಿಸಿದರು. ತುಕ್ಕಾನಟ್ಟಿಯ ವ್ಯಾಸಂಗ ಪ್ರಮಾಣಪತ್ರ, ಅದರ ಜೊತೆಗೆ ಎರಡೂ ಹೆಸರು ಒಬ್ಬಳದ್ದೇ ಎಂದು ಹೆತ್ತವರ ಅಫಿಡವಿಟ್. "ಆ ಮರಾಠಿ ಸಾಲ್ಯಾಗ ಹೆಬ್ಬಟ್ಟು ಒತ್ತಿದಾಕಿ ತಾಯಿ. ಆಕೀನ ಪ್ರಮಾಣ ಮಾಡ್ಬೇಕು. ಬುಧವಾರ ನಾಲ್ಕಕ್ಕ ಅಪ್‌ಲೋಡ್ ಬಂದ್ ಆಗ್ತೈತಿ."

ಮಂಗಳವಾರ ತುಕ್ಕಾನಟ್ಟಿಯ ಹೆಡ್‌ಮಾಸ್ತರರು ಹಳೇ ರಿಜಿಸ್ಟರ್ ತೆಗೆದರು. ಇದ್ದಳು. ಶೆಟ್ಟೆವ್ವ, ತಂದೆ ಭೀಮಶಿ. ಮುಂದೆ ಕೆಂಪು ಶಾಯಿ: ಶಾಲೆ ಬಿಟ್ಟಿದ್ದಾಳೆ.

"ಈಕಿನ್ನ ಹುಡುಕಿ ನಾ ಮೂರು ಸಲ ಮಾಲಿಂಗಪ್ಪನ ಮನಿಗೆ ಅಡ್ಡಾಡೇನ್ರಿ" ಎಂದರು ಅವರು. "ಸಾಲಿ ಬಿಟ್ಟ ಮಕ್ಕಳ ಯಾದಿಯೊಳಗ ಈಕಿ ಹೆಸರು ನಾನ ಬರದ್ನಿ." ಎದುರಿಗೆ ಪಿಯುಸಿಯಲ್ಲಿ ತೊಂಬತ್ತೆರಡು ಪರ್ಸೆಂಟ್ ತೆಗೆದ ಹುಡುಗಿ ನಿಂತಿದ್ದಳು. ಅವರು ಕನ್ನಡಕ ತೆಗೆದು ಅವಳನ್ನು ನೋಡುತ್ತಲೇ ಉಳಿದರು. ಸರ್ಟಿಫಿಕೇಟ್ ಕೊಟ್ಟರು, ಆದರೆ ರಿಜಿಸ್ಟರ್‌ನಲ್ಲಿದ್ದ ಹೆಸರಿಗೇ ಕೊಟ್ಟರು.

೭

ಬುಧವಾರ, ಹುಕ್ಕೇರಿ. ಹಿಡಕಲ್ ದಂಡೆಯಿಂದ ಸುವರ್ಣಾಳನ್ನು ಕರೆದುಕೊಂಡು ಬಂದೆವು. ಕುರಿ ಕಾಯಲು ಭೀಮಶಿ ಅಲ್ಲೇ ನಿಂತ. ನೋಟರಿ ವಕೀಲರು ವಯಸ್ಸಾದವರು, ಕಟ್ಟುನಿಟ್ಟು. ಓದು ಬಾರದವರ ಅಫಿಡವಿಟ್ ಆದ್ದರಿಂದ ಬಾಯಿಂದಲೇ ಕೇಳುತ್ತೇನೆ ಎಂದರು.

"ನಿನ್ನ ಮಗಳನ್ನ ತುಕ್ಕಾನಟ್ಟಿ ಸಾಲ್ಯಾಗ ಯಾವ ಹೆಸರಿಲೆ ಹಚ್ಚಿದ್ರು? ಹೇಳವಾ."

ಸುವರ್ಣಾ ಸೆರಗು ಬಾಯಿಗಿಟ್ಟುಕೊಂಡಳು. ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಇಲ್ಲಿಗೆ ನಾನು ಬರೆದ ಮೊದಲ ಮುಕ್ತಾಯ: ಸುವರ್ಣಾ ತಲೆ ಎತ್ತಿ, ತಲೆಮಾರುಗಳ ಮೌನವನ್ನು ಮುರಿದು, ಗಟ್ಟಿ ದನಿಯಲ್ಲಿ ಆ ಹೆಸರನ್ನು...

"ತಡಿ, ಪ್ರಭಣ್ಣ." ಸುವರ್ಣಾ ಕಥೆಯ ಒಳಗಿನಿಂದಲೇ ನನ್ನ ಕೀಬೋರ್ಡ್ ಮೇಲೆ ಕೈಯಿಟ್ಟಳು. "ಯಾವ ಮೌನ ಮುರದ್ನಿ ನಾ? ಅಕಿ ನನ್ನ ಅತ್ತಿ. ಬಾಣಂತನದಾಗ ನನಗ ಬಿಸಿನೀರು ಕಾಸಬೇಕಂತ ಕಟಗಿ ಒಟ್ಟಿಟ್ಟು ಹೋದಾಕಿ. ಹೆಸರು ಅನ್ನದಿದ್ರ ನನಗೇನ ನೋವಿಲ್ಲ. ನೀ ಪೇಪರ್‌ನಾಗ ಹಾಕಿಸ್ಕೊಳ್ಳಾಕ ನನ್ನ ಬಾಯಿ ಬಿಡಸ್ತಿ?"

"ಮಗಳ ಸೀಟು, ಸುವರ್ಣಕ್ಕ."

"ಅದು ನನಗ ಗೊತ್ತಿಲ್ಲೇನು?" ಎಂದಳು. ಅಳಿಸಿದೆ.

ಎರಡನೆಯ ಮುಕ್ತಾಯ: ನೋಟರಿ ಕರಗಿದರು. "ನಮ್ಮವ್ವನೂ ಹಿಂಗ ಇದ್ಲು" ಎಂದು ಕಣ್ಣೊರೆಸಿಕೊಂಡು ಠಸೆ ಒತ್ತಿದರು.

"ಕಾಕಾ, ಅಂಥಾ ನೋಟರಿ ಎಲ್ಲಿ ಅದಾನ ಹೇಳ್ರಿ, ಅಲ್ಲಿಗೇ ಹೋಗೂಣು" ಎಂದಳು ಕಾಜಲ್. ಅದನ್ನೂ ಅಳಿಸಿದೆ.

ಮೂರನೆಯದು: ಅದೇ ಹೊತ್ತಿಗೆ ಸರ್ಕಾರ ನಿಯಮವನ್ನೇ ಬದಲಿಸಿತು. (ನಗಬೇಡಿ.)

೮

ನಡೆದದ್ದನ್ನು ಹೇಳಿಬಿಡುತ್ತೇನೆ. ಬಣ್ಣ ಹಚ್ಚುವುದಿಲ್ಲ.

ಸುವರ್ಣಾ ಮೊದಲು ಮಗಳ ತೋಳು ಹಿಡಿದು ಮುಂದೆ ತಂದು, "ನೀನ ಹೇಳವಾ" ಎಂದಳು. ಇಂಥ ಹೊತ್ತಿನಲ್ಲಿ ಬಾಜೂದವರ ಬಾಯಿಂದ ಹೇಳಿಸುವುದೇ ರೂಢಿ. ಕಾಜಲ್ ಹೇಳಿದಳು. ನೋಟರಿ ತಲೆಯಾಡಿಸಿದರು.

"ಸೀಟು ಬೇಕಾಗಿದ್ದು ಆಕಿಗೆ. ಆಕೀನ ಹೇಳಿದ್ರ ಹೆಂಗ? ಪ್ರಮಾಣ ನಿಂದು."

ನಾನು ಬೇಡಿಕೊಂಡೆ. ಬರೆದು ತೋರಿಸುತ್ತೇವೆ ಎಂದೆ. ಆಕೆಗೆ ಓದಲು ಬಾರದು ಎಂದು ನೀವೇ ಬರೆದಿದ್ದೀರಲ್ಲ ಎಂದರು. ಹೊರಗೆ ಕಂಪ್ಯೂಟರ್ ಅಂಗಡಿಯವನು ಸ್ಕ್ಯಾನರ್ ತೆರೆದಿಟ್ಟು ಕಾಯುತ್ತಿದ್ದ. ಮೂರು ಇಪ್ಪತ್ತು.

ಆಗ ಕಾಜಲ್, "ಬ್ಯಾಡ ಬಿಡವ್ವಾ. ಬಿಎಸ್ಸಿ ಮಾಡ್ತೀನಿ. ಅದೂ ಛಲೋನ ಐತಿ" ಎಂದು ಫೈಲು ಕಟ್ಟತೊಡಗಿದಳು.  ಅವಳು ಫೈಲು ಕಂಕುಳಲ್ಲಿಟ್ಟುಕೊಂಡು ಬಾಗಿಲು ದಾಟಿ ಮೆಟ್ಟಿಲಿಳಿದಳು. ಸುವರ್ಣಾ ಕುರ್ಚಿಯಿಂದ ಎದ್ದು ನೆಲಕ್ಕೆ ಬಾಗಿ, ನೆಲ ಮುಟ್ಟಿ ಹಣೆಗೊತ್ತಿಕೊಂಡಳು. "ತಪ್ಪಾತ ನಮ್ಮತ್ತಿ, ಹೊಟ್ಟ್ಯಾಗ ಹಾಕ್ಕೋ" ಎಂದಳು. ಮತ್ತೆ ಎದ್ದು, ಬಾಗಿಲ ಕಡೆ ತಿರುಗಿ, ಕುರಿ ಕರೆಯುವ ದನಿಯಲ್ಲಿ ಕೂಗಿದಳು:

"ಶೆಟ್ಟೆವ್ವಾ!"

"ಏನವ್ವಾ?"

ಮೆಟ್ಟಿಲಿನಿಂದ ಉತ್ತರ ಬಂತು. ತಡವರಿಸದೆ, ಯೋಚಿಸದೆ, ಹಟ್ಟಿಯಲ್ಲಿ ಕರೆದರೆ ಓಗೊಡುವ ಹಾಗೆ. ಹದಿನೆಂಟು ವರ್ಷದಲ್ಲಿ ಅವ್ವನ ಬಾಯಿಂದ ಒಮ್ಮೆಯೂ ಕೇಳದ ಹೆಸರಿಗೆ ಹುಡುಗಿ ಓಗೊಟ್ಟಿದ್ದಳು. ಆಮೇಲಷ್ಟೇ ಅವಳಿಗೆ ತಿಳಿಯಿತು. ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದು ನಿಂತಳು. ಅವ್ವ ಗೋಡೆಗೆ ಮುಖ ಹಾಕಿ ಬಿಕ್ಕುತ್ತಿದ್ದಳು. ನೋಟರಿಯವರು ಆ ಹೆಸರನ್ನು ಬರೆದುಕೊಂಡರು. 

ಇಬ್ಬರೂ ಒಬ್ಬಳೇ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಏನಿದೆ? ಆದರೆ "ಕರೆದರೆ ಓಗೊಟ್ಟಳು" ಎಂದು ತುಂಬಲು ಅಫಿಡವಿಟ್‌ನಲ್ಲಿ ಜಾಗವಿರಲಿಲ್ಲ. ಠಸೆ ಬಿತ್ತು. ಮೂರು ಐವತ್ತೆರಡಕ್ಕೆ ಅಪ್‌ಲೋಡ್ ಆಯಿತು.

೯

ಸ್ಕ್ರೀನಿನ ಮೇಲೆ ಬಂದದ್ದು ಒಂದೇ ಮಾತು: ಪರಿಶೀಲನೆಯಲ್ಲಿದೆ.

ಹನ್ನೊಂದು ದಿನವಾಯಿತು. ಸುವರ್ಣಾ ಮಗಳನ್ನು ಯಾವ ಹೆಸರಿನಿಂದಲೂ ಕರೆದಿಲ್ಲವಂತೆ. "ಏ, ಬಾ ಇಲ್ಲೆ" ಅನ್ನುತ್ತಾಳಂತೆ, ಅಷ್ಟೇ. ಇವತ್ತು ಕಾಜಲ್ ಅಂಗಡಿಗೆ ಬಂದಾಗ ಈ ಕಥೆ ತೆರೆದಿತ್ತು. ಇಲ್ಲಿಯವರೆಗೆ ಓದಿದಳು. ನಾನು ಹುರುಪಿನಿಂದ ಹೇಳಿದೆ, "ಕಡೀಕ ಸೀಟು ಕೊಟ್ಟಬಿಡ್ತೀನವಾ. ನನ್ನ ಕತಿ, ನನ್ನ ಕೈಯಾಗ ಐತಿ. ಒಂದ ಸಾಲು ಸಾಕು."



"ನಿಮ್ಮ ಕತಿಯೊಳಗ ಸೀಟು ಸಿಕ್ಕರ, ನಾ ಕಲಿಯಾಕ ಎಲ್ಲಿಗೆ ಹೋಗ್ಲಿ ಕಾಕಾ?"

 ಬರೆದಿಟ್ಟುಕೊಂಡಿದ್ದ ಸಾಲನ್ನು ಅಳಿಸಿದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ, ಕಥೆಯನ್ನು ಮುಚ್ಚಿ, ಅರ್ಜಿಯ ಪುಟ ತೆರೆದು ತನ್ನ ನಂಬರ್ ಹಾಕಿದಳು. ನೆಟ್ ನಿಧಾನವಿತ್ತು. ಪುಟ ಇನ್ನೂ ತೆರೆದುಕೊಳ್ಳುತ್ತಿದೆ, ನಾವಿಬ್ಬರೂ ಅದನ್ನೇ ನೋಡುತ್ತ ಕೂತಿದ್ದೇವೆ. ನೀವು ಬೇಕಾದರೆ ಎದ್ದು ಹೋಗಿ.