ಮೂರು ವಾರ ತಡವಾದ ನಿಜ

ಬಿಳಿಚೋಡಿನಲ್ಲಿ ಬಸ್ಸಿಳಿದ ಸಂಘಮಿತ್ರಾ ಬ್ಯಾಗಿನಿಂದ ಮೊದಲ ಹಾಳೆ ತೆಗೆದು ಇನ್ನೊಮ್ಮೆ ಓದಿಕೊಂಡಳು. ಅದು ಗಾದ್ರಮ್ಮನ ಹಾಳೆ. ನಿಮ್ಮ ನೆನಪಿನ ಶಕ್ತಿ ಕುಂದಿದೆ ಎಂದದ್ದು ಸುಳ್ಳು, ಸಂಶೋಧನೆಗಾಗಿ ಹೇಳಿದ ಸುಳ್ಳು, ನಿಮಗೆ ಏನೂ ಆಗಿಲ್ಲ. ಇಷ್ಟನ್ನು ಹೇಳಿ ಸಹಿ ಹಾಕಿಸಿಕೊಂಡರೆ ಮುಗಿಯಿತು.

ಗಾದ್ರಮ್ಮ ಇಪ್ಪತ್ತು ವರ್ಷದಿಂದ ಈ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಯಾವ ಮಗು ಮೊಟ್ಟೆ ತಿನ್ನುತ್ತದೆ, ಯಾವುದಕ್ಕೆ ಬಾಳೆಹಣ್ಣು ಕೊಡಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಸಂಘಮಿತ್ರಾ ಅವಳ ಕೈಯಡುಗೆ ಉಂಡೇ ದೊಡ್ಡವಳಾಗಿ, ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ, ಸಂಶೋಧಕ ವಿನಯ್ ಕುಮಾರ್ ಅವರ ಬಳಿ ಊರೂರು ಸುತ್ತಿ ಮಾಹಿತಿ ತರುವ ಕೆಲಸ ಹಿಡಿದಿದ್ದಳು. ಒಪ್ಪಿಗೆ ಪತ್ರಕ್ಕೆ ಗಾದ್ರಮ್ಮ ಸಹಿ ಹಾಕಿದ್ದು ಪತ್ರ ಓದಿ ಅಲ್ಲ, ಇವಳ ಮುಖ ನೋಡಿ.

ಅಂದು ಹದಿನೈದು ಪದ ಓದಿ ಹೇಳಿ, ನೆನಪಿದ್ದಷ್ಟು ಹೇಳಿಸಿದ್ದರು. ಗಾದ್ರಮ್ಮ ಹನ್ನೆರಡು ಹೇಳಿದಳು. ಆದರೆ ಎಷ್ಟು ಹೇಳಿದರೇನು, ಚೀಟಿ ಎತ್ತಿ ಆರಿಸಿದ ಅರ್ಧ ಜನಕ್ಕೆ ನಿಮ್ಮದು ಮರೆವಿನ ಕಾಯಿಲೆಯ ಶುರು ಇರಬಹುದು ಎನ್ನಬೇಕು, ಆಮೇಲೆ ಹೇಗನ್ನಿಸುತ್ತದೆ ಎಂದು ಇಪ್ಪತ್ತು ಪ್ರಶ್ನೆ ಕೇಳಬೇಕು. ಗಾದ್ರಮ್ಮ ಆ ಅರ್ಧದಲ್ಲಿ ಸೇರಿದ್ದಳು. ನಿಯಮದ ಪ್ರಕಾರ ಅದೇ ದಿನ ನಿಜ ಹೇಳಿಬಿಡಬೇಕಿತ್ತು.

ವಿನಯ್ ಕುಮಾರ್ ತಡೆದರು. "ಇಲ್ಲಿ ಹೇಳಿದ್ದು ಮುಂದಿನ ಊರಿಗೆ ನಮಗಿಂತ ಮೊದಲೇ ಹೋಗುತ್ತೆ. ಕೆರೆಬಿಳಚಿ, ಸವಳಂಗ, ಹೊನ್ನಾಳಿ ಎಲ್ಲ ಮುಗೀಲಿ. ಆಮೇಲೆ ಒಟ್ಟಿಗೆ ಹೇಳೋಣ."

ಸರಿ ಸರ್ ಎಂದಿದ್ದಳು ಸಂಘಮಿತ್ರಾ. ಓದಿದವರ ಬಾಯಿಗೆ ಈ 'ಸರಿ ಸರ್' ಎಷ್ಟು ಸಲೀಸಾಗಿ ಬರುತ್ತದೋ. ಭಯ ಉಣ್ಣುವವಳು ಬೇರೆಯವಳಾದರೆ ಮೂರು ವಾರ ಏನು ಮಹಾ ಹೊತ್ತು.

ಶಾಲೆಯ ಅಡುಗೆಮನೆಯಲ್ಲಿ ಬೇರೆ ಯಾರೋ ಸಾರು ತಿರುವುತ್ತಿದ್ದರು. ಗಾದ್ರಮ್ಮ ಅಂದಿನ ಮಾರನೆಯ ದಿನವೇ ಬೀಗದ ಕೈ ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟು ಹೋದಳಂತೆ. ಸಂಘಮಿತ್ರಾ ಗಾದ್ರಮ್ಮನ ಮನೆಗೆ ಹೆಚ್ಚುಕಡಿಮೆ ಓಡಿದಳು.

ಗಾದ್ರಮ್ಮ ಬಾಗಿಲಲ್ಲಿ ಕೂತಿದ್ದಳು. ಮುಖ ಇಳಿದಿತ್ತು. "ಗ್ಯಾಸ್ ಬಂದ್ ಮಾಡಾಕೆ ಮರೆತ್ರೆ ನೂರು ಮಕ್ಕಳ ಜೀವ ಕಣವ್ವ," ಎಂದಳು. "ಅದಕ್ಕೇ ಬಿಟ್ಟೆ."

ಸಂಘಮಿತ್ರಾ ಹಾಳೆ ಓದಿದಳು. ಓದಿದ್ದು ಸಾಲದೆ ತನ್ನ ಮಾತಿನಲ್ಲಿ ಹೇಳಿದಳು. "ನಿಮಗೆ ಏನೂ ಆಗಿಲ್ಲ ಗಾದ್ರಮ್ಮಾ. ನಾವು ಹೇಳಿದ್ದು ಸುಳ್ಳು. ನನ್ನದೇ ತಪ್ಪು, ಅವತ್ತೇ ಹೇಳಬೇಕಿತ್ತು."

ಗಾದ್ರಮ್ಮ ಅವಳನ್ನು ಮರುಕದಿಂದ ನೋಡಿದಳು. "ನಮ್ಮ ಮನೆಯೋರಿಗೆ, ನಿಮ್ಮ ಮಾವಂಗೆ, ಗಂಟಲಾಗೆ ಗಂಟು ಆಗಿತ್ತಲ್ಲ, ಡಾಕ್ಟ್ರು ನನ್ನ ಹೊರಗೆ ಕರೆದು ನಿಜ ಹೇಳಿದ್ರು. ಒಳಗೆ ಹೋಗಿ ಅವ್ರಿಗೆ ಏನೂ ಆಗಿಲ್ಲ ಅಂದ್ರು. ನಾನೂ ಹಂಗೇ ಅಂದೆ. ಸಾಯೋರಿಗೆ ಯಾರಾದ್ರೂ ನಿಜ ಹೇಳ್ತಾರಾ? ಮೊದ್ಲು ಬಾಯಿತಪ್ಪಿ ಹೇಳಿದ್ರಿ, ಈಗ ಸಮಾಧಾನ ಮಾಡಾಕೆ ಬಂದೀಯ."

ಈ ಸೀಮೆಯಲ್ಲೇ ಹುಟ್ಟಿ ಬೆಳೆದ ಸಂಘಮಿತ್ರಳಿಗೆ ಇದು ಹೊಳೆಯಬೇಕಿತ್ತು. ಇಲ್ಲಿ 'ಏನೂ ಆಗಿಲ್ಲ' ಎಂಬ ಮಾತನ್ನು ಉಳಿಯದವರಿಗೇ ಹೇಳುವುದು.

"ಹಂಗಾದ್ರೆ ಅವತ್ತಿನ ಪದ ಹೇಳ್ರಿ ನೋಡೋಣ," ಎಂದಳು ಕೊನೆಗೆ.

ಗಾದ್ರಮ್ಮ ಕಣ್ಣು ಮುಚ್ಚಿದಳು. ಕೊಡ, ಏಣಿ, ಮಲ್ಲಿಗೆ, ಗಡಿಯಾರ... ಮೂರು ವಾರವೂ ದಿನಕ್ಕೆ ಹತ್ತು ಸಲ ತನ್ನನ್ನೇ ಪರೀಕ್ಷಿಸಿಕೊಂಡಿದ್ದಳೇನೋ, ಹದಿನಾಲ್ಕು ಪದ ಸರಾಗವಾಗಿ ಬಂದವು. ಹದಿನೈದನೆಯದು ಬರಲಿಲ್ಲ. "ನೋಡಿದ್ಯಾ? ಒಂದು ಹೋತು."

"ನನಗೇ ಅಷ್ಟು ನೆನಪಿಲ್ಲ, ಗಾದ್ರಮ್ಮಾ." ಸಂಘಮಿತ್ರಾ ಅಳುತ್ತಿದ್ದಳು. ಆ ಅಳುವೂ ಗಾದ್ರಮ್ಮನಿಗೆ ತನ್ನ ಕಾಯಿಲೆಗೆ ಸಾಕ್ಷಿಯಾಗಿಯೇ ಕಂಡಿತು.

ವಿನಯ್ ಕುಮಾರ್ ಅವರಿಗೆ ಫೋನ್ ಮಾಡಿ, ನೀವೇ ಬಂದು ಹೇಳಿ ಎಂದು ಕೇಳಿಕೊಂಡಳು. "ಓದಿ ಹೇಳಿದ್ರಲ್ಲ? ಸಹಿ ತಗೊಂಡು ಬನ್ನಿ," ಎಂದರು ಅವರು.

ಗಾದ್ರಮ್ಮ ತಾನೇ ಪೆನ್ನು ಇಸಿದುಕೊಂಡು, ನಿಧಾನವಾಗಿ ತನ್ನ ಹೆಸರು ಬರೆದಳು. ಹಾಳೆಯ ಕೆಳಗೆ ಇನ್ನೊಂದು ಪ್ರಶ್ನೆಯಿತ್ತು. ವಿವರಣೆ ಅರ್ಥವಾಯಿತೇ, ಹೌದು, ಇಲ್ಲ. ಸಂಘಮಿತ್ರಳ ಕೈ ಮುಂದೆ ಹೋಗಲಿಲ್ಲ.

"ನಿಮ್ಮ ಮಾವಂಗೂ ಎಲ್ಲ ಗೊತ್ತಿತ್ತು," ಎಂದಳು ಗಾದ್ರಮ್ಮ. "ಆದ್ರೂ ನನ್ನ ಮುಖ ನೋಡಿ, ನಂಬಿದೆ ಬಿಡು ಅನ್ನೋರು. ಹೇಳೋರಿಗೆ ನೋವಾಗಬಾರ್ದಲ್ಲ."

ಸೆರಗಿನಿಂದ ಸಂಘಮಿತ್ರಳ ಕೆನ್ನೆ ಒರೆಸಿದಳು. ಶಾಲೆಯಲ್ಲಿ ಊಟಕ್ಕೆ ಕೂತಾಗ ಬಾಯಿ ಒರೆಸುತ್ತಿದ್ದ ಹಾಗೆಯೇ.

"ಹೌದು ಅಂತ ಬರ್ಕೊ. ನಂಬಿದೆ ಬಿಡವ್ವ."