ಬದನೆಯ ಬೆನ್ನು

"ಇದಕ್ಕೆ ಏನು ಹಚ್ಚಿದ್ರಿ?"

ನಾಯಿ ಡಾಕ್ಟರು ಹಾಗೆ ಕೇಳಿದ್ದೇ ಕ್ಷೌರಿಕ ಗೋಡೆಯ ಮೇಲಿನ ಚುಚ್ಚುಮದ್ದಿನ ಪಟ್ಟಿಯನ್ನು ಓದತೊಡಗಿದ. ಮೇಜಿನ ಮೇಲೆ ಅವನ ನಾಯಿ ಬದನೆ ನಡುಗುತ್ತ ನಿಂತಿತ್ತು. ನೆತ್ತಿಯ ಮೇಲೆ, ಬಾಲದ ತುದಿಯಲ್ಲಿ ನಾಲ್ಕು ಕೂದಲು ಬಿಟ್ಟರೆ ಮೈಯೆಲ್ಲ ಬೋಳು. ಹುಟ್ಟಿನಿಂದಲೇ ಹಾಗಿರುವ ಜಾತಿ. ಆ ಕಪ್ಪು ನೇರಳೆ ನುಣುಪು ನೋಡಿಯೇ ಅವನ ಹೆಂಡತಿ ಈ ಹೆಸರಿಟ್ಟಿದ್ದಳು. ಈಗ ಬೆನ್ನ ತುಂಬ ಕೆಂಪು ಗುಳ್ಳೆಗಳು, ಕೆಲವು ಒಡೆದು ಕೀವು.

"ಏನೂ ಹಚ್ಚಲ್ಲ ಡಾಕ್ಟ್ರೇ," ಎಂದಳು ಮಗಳು. ಹದಿಮೂರರ ಹುಡುಗಿ, ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿದ್ದಳು. "ಒದ್ದೆ ಬಟ್ಟೇಲಿ ಒರೆಸ್ತೀನಿ. ಬಿಸಿಲಿಗೆ ಹೋಗೋವಾಗ ಅಂಗಿ ಹಾಕ್ತೀನಿ. ನೀವು ಹೇಳಿದ್ದಷ್ಟೇ."

ಡಾಕ್ಟರು ಬಗ್ಗಿ ಬೆನ್ನು ಮೂಸಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಕ್ಷೌರಿಕ ಎರಡೂ ಕೈಗಳನ್ನು ಜೇಬಿಗೆ ಸೇರಿಸಿಕೊಂಡ.

ನಾಯಿ ಮನೆಗೆ ಬಂದು ಐದು ತಿಂಗಳಾಗಿತ್ತು. ಅದಕ್ಕೂ ಮುಂಚೆ ಮಗಳ ಕೂದಲು ಬಿಲ್ಲೆಬಿಲ್ಲೆಯಾಗಿ ಉದುರಿ, ಹುಬ್ಬೂ ಹೋಗಿ, ಅವಳು ಶಾಲೆ ಬಿಟ್ಟು ಕೋಣೆ ಸೇರಿದ್ದಳು. ಊರವರ ತಲೆಯನ್ನೆಲ್ಲ ನೋಡಿಕೊಳ್ಳುವವನ ಮನೆಯಲ್ಲೇ ಹೀಗಾಗಬೇಕೇ! ಆಗ ಊರು ಬಿಡುತ್ತಿದ್ದ ಗಿರಾಕಿಯೊಬ್ಬ ಈ ನಾಯಿಯನ್ನು ಕೊಟ್ಟುಹೋದ. "ಇದನ್ನೂ ನೀನೇ ಬೋಳಿಸಿದ್ಯೇನಪ್ಪಾ?" ಎಂದು ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಗಳು ಮಾತ್ರ ನಗಲಿಲ್ಲ. ಸ್ಕಾರ್ಫ್ ಬಿಚ್ಚಿ, ಅದರ ಬೆನ್ನಿಗೆ ತನ್ನ ತಲೆ ಒತ್ತಿ, "ಅಮ್ಮಾ, ಎಷ್ಟು ಬೆಚ್ಚಗಿದೆ ನೋಡೇ!" ಎಂದಳು. ಅಂದಿನಿಂದ ಮನೆಯೊಳಗೆ ಅವಳು ತಲೆ ಮುಚ್ಚಲಿಲ್ಲ. ಶಾಲೆಗೂ ಹೋದಳು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅಪ್ಪನ ಕರುಳು ಕೇಳಬೇಕಲ್ಲ. ಅವನೇ ಕಾಯಿಸಿ ಮಾರುವ ಎಣ್ಣೆಯೊಂದಿತ್ತು. ಬೊಕ್ಕತಲೆಯ ಗಿರಾಕಿಗಳು ಅದರ ಮೇಲೆ ಆಣೆಯಿಡುತ್ತಿದ್ದರು. ಮಗಳ ತಲೆಗೆ ನೇರವಾಗಿ ಹಚ್ಚಲು ಹೆದರಿ ಮೊದಲು ನಾಯಿಗೆ ಹಚ್ಚಿ ನೋಡಿದ. ಹುಟ್ಟಾ ಬೋಳು ನಾಯಿಗೇ ಚಿಗುರಿದರೆ ಮಗಳಿಗೆ ಬರದೇ ಇರುತ್ತದೆಯೇ? ಮೂರು ವಾರ, ಅವಳು ಶಾಲೆಗೆ ಹೋದದ್ದೇ ತಡ, ಹಚ್ಚಿ ತಿಕ್ಕಿ, ಅವಳು ಬರುವಷ್ಟರಲ್ಲಿ ಒರೆಸಿಬಿಡುತ್ತಿದ್ದ. ನಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಿರಾಕಿಯ ಕತ್ತು ನೋಡುವ ಹಾಗೇ ನೋಡುತ್ತಿದ್ದ. ಕೂದಲು ಬರಲಿಲ್ಲ, ಗುಳ್ಳೆ ಬಂತು.

"ಕೂದಲೆಣ್ಣೆ," ಎಂದ ಕೊನೆಗೆ. "ನಾನೇ ಹಚ್ಚಿದ್ದು."

"ಅಲ್ರೀ, ಬೋಳು ತಲೆಗೂ ಮೊಣಕಾಲಿಗೂ ಗಂಟು ಹಾಕಿದ್ರಲ್ಲ!" ಎಂದ ಡಾಕ್ಟರು ಹುಡುಗಿಯ ಸ್ಕಾರ್ಫ್ ಕಂಡು ನಾಲಿಗೆ ಕಚ್ಚಿಕೊಂಡರು. "ಇದರ ಚರ್ಮ ಎಣ್ಣೆ ತಡೆಯಲ್ಲ. ಔಷಧಿ ನೀರಲ್ಲಿ ದಿನಾ ಎರಡು ಸಲ ತೊಳೀರಿ. ಇಬ್ಬರು ಬೇಕು, ಒಬ್ಬರು ಗಟ್ಟಿಯಾಗಿ ಹಿಡ್ಕೋಬೇಕು."

ದಾರಿಯುದ್ದಕ್ಕೂ ಮಗಳು ಹತ್ತು ಹೆಜ್ಜೆ ಮುಂದೆಯೇ ನಡೆದಳು. ಮನೆ ಸೇರಿದರೂ ಸ್ಕಾರ್ಫ್ ಬಿಚ್ಚಲಿಲ್ಲ.

"ಅದಕ್ಕೆ ಯಾಕಪ್ಪಾ ಬೇಕಿತ್ತು ಕೂದಲು?"

"ಅದಕ್ಕಲ್ಲ ಕಂದಾ. ನಿನಗೆ..."

"ಹೀಗೇ ಚೆನ್ನಾಗಿದ್ದೀಯ ಅಂದಿದ್ದೆ ನೀನು."

"ಚೆನ್ನಾಗೇ ಇದ್ದೀಯಮ್ಮಾ."

"ಮತ್ತೆ?"

ಮತ್ತೆ ಏನು? ದಿನಕ್ಕೆ ಇಪ್ಪತ್ತು ಗಿರಾಕಿಗಳನ್ನು ಮಾತಲ್ಲೇ ಮರುಳು ಮಾಡುವವನು ಔಷಧಿ ಬಾಟಲಿಯ ಮೇಲಿನ ಚೀಟಿ ಓದತೊಡಗಿದ.

ಅಮ್ಮ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಮಗಳು ಬಚ್ಚಲಲ್ಲಿ ಒಬ್ಬಳೇ ಹೆಣಗಿದಳು; ನಾಯಿ ಎರಡು ಸಲ ಜಾರಿ ಓಡಿತು. ಅವನು ಬಾಗಿಲಿಗೆ ಬಂದು ಕೈ ಚಾಚಿದ. ಅವಳು ಆ ಕೈಯನ್ನು ಹಿಡಿದು ಮೂಸಿದಳು.

"ತೊಳ್ಕೊಂಡು ಬಾ."

ತೊಳೆದು ಬಂದ. ಮತ್ತೆ ಮೂಸಿದಳು.

"ಇನ್ನೂ ಬರ್ತಿದೆ ವಾಸನೆ."

ಅವನು ಹಿತ್ತಿಲ ನಲ್ಲಿಗೆ ಹೋಗಿ, ಬಾಚಣಿಗೆ ಉಜ್ಜುವ ಬ್ರಶ್ಶಿನಿಂದ ಉಗುರಿನ ಸಂದಿಗಳನ್ನು ತಿಕ್ಕಿದ. ಇಪ್ಪತ್ತು ವರ್ಷದ ಎಣ್ಣೆ, ಸುಲಭಕ್ಕೆ ಹೋಗುವಂಥದ್ದಲ್ಲ.

"ಬೇಗ ಬಾ, ಇದಕ್ಕೆ ಚಳಿ ಆಗ್ತಿದೆ!"

ತಿರುಗಿ ನೋಡಿದ. ಮಗಳು ಹಿತ್ತಿಲ ಬಾಗಿಲಿಗೆ ಬಂದು, ಸ್ಕಾರ್ಫ್ ಬಿಚ್ಚಿ ನಾಯಿಗೆ ಸುತ್ತಿ ಎದೆಗೆ ಅವಚಿಕೊಂಡು ಕೂತಿದ್ದಳು. ಅವಳ ತಲೆಯ ಮೇಲೆ ಸಂಜೆಯ ಬೆಳಕಿತ್ತು. ಅವನು ಅಲ್ಲಿಂದ ಕಣ್ಣು ಹೊರಳಿಸಿ, ಕೈಗೆ ಮತ್ತೊಮ್ಮೆ ಸೋಪು ಹಚ್ಚಿದ.